ಅಜ್ಜಿಯ ಬೈಗುಳವನ್ನು ಬರೆದುಕೊಂಡ ಯಂತ್ರದವರಿಗೆ

ಮಾನ್ಯರೇ,

ಪಶ್ಚಿಮ ಲಂಡನ್ನಿನ ಒಂದು ಕೌನ್ಸಿಲ್ ಕಟ್ಟಡದಲ್ಲಿ, ಮಕ್ಕಳ ಹಿತವಿಚಾರಣೆ ನಡೆಯುವ ಕೊಠಡಿಯ ಮೇಜಿನ ನಟ್ಟನಡುವೆ, ನಿಪ್ಪಟ್ಟಿನಷ್ಟೇ ಅಗಲವಾಗಿ, ಹಾಲಿನಷ್ಟು ಬೆಳ್ಳಗೆ, ಹಸಿರು ದೀಪ ಬೆಳಗಿಸಿಕೊಂಡು ವಿರಾಜಮಾನರಾಗಿರುವ ಟಿಪ್ಪಣಿ ಯಂತ್ರದವರಾದ ತಮ್ಮ ಸನ್ನಿಧಾನಕ್ಕೆ ಫೆಲ್ಥಮ್ ನಿವಾಸಿ ಕೃಷ್ಣವೇಣಿಯ ಅನಂತ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ. ತಮ್ಮ ಕ್ಷೇಮಕ್ಕೂ ಬರೆಯುತ್ತಿರಿ ಎಂದು ಕೇಳಿಕೊಳ್ಳುವುದು ವಾಡಿಕೆ. ಆದರೆ ಯಾರು ಕೇಳಲಿ ಬಿಡಲಿ ಬರೆಯುತ್ತಲೇ ಇರುವುದು ತಮ್ಮ ವ್ರತವಾದ್ದರಿಂದ, ಆ ಒಂದು ಮಾತನ್ನು ಇಲ್ಲಿ ಬಿಟ್ಟಿದ್ದೇನೆ.

ತಾವು ನನ್ನನ್ನು ಬಲ್ಲಿರಿ, ಆದರೆ ಒಂದೇ ಸಾಲಿನಷ್ಟು. 'ಮೂಲೆಯಲ್ಲಿದ್ದ ವೀಕ್ಷಕಿ ವಿಚಾರಣೆಗೆ ಅಡ್ಡಿಪಡಿಸಿದರು' ಎಂದು ತಾವು ಬರೆದ ಆ ಸಾಲನ್ನು ಓದಿದ ಮೇಲೆ ಮೇಲಿನವರು ನನ್ನ ವೀಕ್ಷಕಿಯ ಬಿಲ್ಲೆಯನ್ನು ವಾಪಸು ಪಡೆದರು. ಉಳಿದ ಪರಿಚಯವನ್ನು ನಾನೇ ಹೇಳಿಕೊಳ್ಳುತ್ತೇನೆ. ಹುಟ್ಟಿದ್ದು, ಬೆಳೆದದ್ದು ಧಾರವಾಡದಲ್ಲಿ. ಕೂದಲು ಬೆಳ್ಳಗಾದದ್ದು ಮಾತ್ರ ಇಲ್ಲಿಯ ವಿಮಾನ ನಿಲ್ದಾಣದಲ್ಲಿ, ಕಳೆದುಹೋದ ಸಾಮಾನಿನ ಕೌಂಟರಿನ ಹಿಂದೆ. ಸೂಟ್‌ಕೇಸು ಕಳೆದುಕೊಂಡವರ ಬೈಗುಳವನ್ನೆಲ್ಲ ನಗುನಗುತ್ತ ಕೇಳಿ, 'ತಮ್ಮ ಅಸಮಾಧಾನ ನಮಗೆ ಅಮೂಲ್ಯವಾದುದು' ಎಂದು ಉತ್ತರ ಬರೆದು ಬರೆದು ಸವೆದ ಕೈ ಇದು. ಆದ್ದರಿಂದ ಈ ಪತ್ರದಲ್ಲಿ ಎಲ್ಲಿಯಾದರೂ ಸಿಟ್ಟು ಕಂಡರೆ ಅದನ್ನು ಮುದ್ರಣದೋಷವೆಂದು ತಿಳಿಯಬೇಕು.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ, ಮಕ್ಕಳ ಹಿತವಿಚಾರಣೆಗಳನ್ನು ನೋಡಿ ಸುಧಾರಿಸಲು ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ಜಾಹೀರಾತನ್ನು ಲೈಬ್ರರಿಯ ಗೋಡೆಯ ಮೇಲೆ ಕಂಡು ಹೆಸರು ಕೊಟ್ಟೆ. ಒಂದು ಮಗು ಯಾರ ಮನೆಯಲ್ಲಿ ಬೆಳೆಯಬೇಕು ಎಂದು ನಿರ್ಧರಿಸುವ ಕೊಠಡಿಯಲ್ಲಿ ಹೊರಗಿನವರೊಬ್ಬರು ಮೂಲೆಯಲ್ಲಿ ಕೂತಿರಬೇಕು, ಅಲ್ಲಿಗೆ ಬಂದ ಮನೆಯವರಿಗೆ ನಡೆಯುತ್ತಿರುವುದು ತಿಳಿಯುತ್ತಿದೆಯೇ, ಅವರ ಮಾತು ಉಳಿದವರಿಗೆ ತಿಳಿಯುತ್ತಿದೆಯೇ ಎಂದು ನೋಡಬೇಕು, ಆಮೇಲೆ ಸಲಹೆ ಕೊಡಬೇಕು: ಇಷ್ಟೇ ಕೆಲಸ. ಒಳ್ಳೆಯ ಕೆಲಸ, ಈಗಲೂ ಹಾಗೆಯೇ ಹೇಳುತ್ತೇನೆ. ನಮ್ಮ ಯಜಮಾನರಾದ ರುದ್ರೇಶರು ಮಾತ್ರ, 'ಬಾಯಿ ಮುಚ್ಕೊಂಡು ಮೂಲ್ಯಾಗ ಕುಂಡ್ರೂದಂದ್ರ ನಿನ್ನ ಕೈಲೆ ಆಗೂ ಕೆಲಸ ಏನ? ಮನ್ಯಾಗ ನಾ ಒಬ್ಬಾಂವ ಅದೀನಲ್ಲ, ಮೊದಲ ನನ್ನ ಮುಂದ ಪ್ರಾಕ್ಟೀಸ್ ಮಾಡು' ಎಂದರು. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು. ವೀಕ್ಷಕರು ಮಾತಾಡಬಾರದು, ನಗಬಾರದು, ನಿಟ್ಟುಸಿರು ಬಿಡಬಾರದು, ಲೊಚಗುಟ್ಟಬಾರದು. ಹುಬ್ಬು ಏರಿಸುವುದೂ ಒಂದು ಅಭಿಪ್ರಾಯವೇ ಎಂದು ತರಬೇತುದಾರರು ಹೇಳಿದಾಗ, ಹುಬ್ಬಿನಲ್ಲಿಯೇ ಅರ್ಧ ಸಂಸಾರ ನಡೆಸಿದ ನನಗೆ ಎದೆ ಧಸಕ್ಕೆಂದಿತು. ತಲೆ ಆಡಿಸಬಾರದೆಂಬುದು ಅದಕ್ಕಿಂತ ಕಷ್ಟ. ನಾವು ತಲೆಯಾಡಿಸಿದರೆ ಹೌದೆಂದೋ ಅಲ್ಲವೆಂದೋ ಇಂಗ್ಲಿಷರಿಗೆ ಇವತ್ತಿಗೂ ಗೊತ್ತಾಗಿಲ್ಲವಾದ್ದರಿಂದ ಭಾರತೀಯರಿಗೆ ಅದೊಂದು ವಿನಾಯಿತಿ ಕೊಡಿ ಎಂದು ಬೇಡಿಕೊಂಡೆ, ಕೊಡಲಿಲ್ಲ. ಕಡೆಗೆ ಕನ್ನಡಿಯ ಮುಂದೆ ಕೂತು ಅಭ್ಯಾಸ ಮಾಡಿ ಪಾಸ್‌ಪೋರ್ಟ್ ಫೋಟೋದಂಥ ಮುಖವೊಂದನ್ನು ಸಾಧಿಸಿಕೊಂಡೆ.

ನಮ್ಮ ಯೋಜನೆಯಿಂದ ಆಗಿರುವ ಸುಧಾರಣೆಗಳೂ ಸಣ್ಣವಲ್ಲ. ಟಿಶ್ಯೂ ಡಬ್ಬಿ ಮೊದಲು ಅಧ್ಯಕ್ಷರ ಮುಂದಿರುತ್ತಿತ್ತು, ಅಳುವವರು ಮೇಜಿನ ಈ ತುದಿಯಲ್ಲಿರುತ್ತಿದ್ದರು. ನಮ್ಮವರೊಬ್ಬರು ಸಲಹೆ ಕೊಟ್ಟ ಮೇಲೆ ಡಬ್ಬಿ ಅಳುವವರ ಕೈಗೆಟಕುವಂತಾಯಿತು. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿತ್ತು. ಆದರೆ ಸುಧಾರಣೆಗಳಲ್ಲೆಲ್ಲ ಕಳಶಪ್ರಾಯವಾದದ್ದೆಂದರೆ ತಾವೇ. ಮೊದಲು ಟಿಪ್ಪಣಿ ಬರೆಯುತ್ತಿದ್ದ ಹೆಂಗಸು ಅರ್ಧ ಬರೆದು ಅರ್ಧ ಬಿಡುತ್ತಿದ್ದರಂತೆ, ಯಾರಾದರೂ ಅತ್ತರೆ ಪೆನ್ನು ಕೆಳಗಿಟ್ಟು ನೀರು ತಂದುಕೊಡುತ್ತಿದ್ದರಂತೆ. ತಮ್ಮಲ್ಲಿ ಅಂಥ ದೌರ್ಬಲ್ಯವಿಲ್ಲ. ತಾವು ಚಹಾ ಕುಡಿಯುವುದಿಲ್ಲ, ಸೀನುವುದಿಲ್ಲ, ಸ್ಕೂಲಿನಿಂದ ಮಗುವನ್ನು ಕರೆತರಬೇಕೆಂದು ನಡುವೆ ಎದ್ದು ಓಡುವುದಿಲ್ಲ. ಆಡಿದ ಪ್ರತಿ ಮಾತನ್ನೂ ಹಿಡಿದು, ಸೋಸಿ, ಸಾರಾಂಶ ಮಾಡಿ, ಯಾವ ಮಾತಿನಲ್ಲಿ ಮಗುವಿಗೆ ಎಷ್ಟು ಅಪಾಯವಿದೆಯೆಂದು ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿ, ನಾವಿನ್ನೂ ಕೋಟಿನ ತೋಳು ಹುಡುಕುತ್ತಿರುವಾಗಲೇ ಎಲ್ಲರ ಪರದೆಗೂ ಕಳಿಸಿಬಿಡುತ್ತೀರಿ. ಚಿತ್ರಗುಪ್ತನಿಗೆ ಇಷ್ಟು ಚುರುಕಿದ್ದಿದ್ದರೆ ನಾವೆಲ್ಲ ಯಾವಾಗಲೋ ನರಕ ಸೇರಿ ಅಲ್ಲಿ ಹಳಬರಾಗಿಬಿಟ್ಟಿರುತ್ತಿದ್ದೆವು.

ಈಗ ಕಾಶವ್ವನವರ ವಿಷಯಕ್ಕೆ ಬರುತ್ತೇನೆ. ನಿಯಮದಂತೆ ಎಲ್ಲರ ಹೆಸರನ್ನೂ ಬದಲಾಯಿಸಿದ್ದೇನೆ. ನನ್ನದನ್ನೂ ಯಜಮಾನರದನ್ನೂ ಹಾಗೆಯೇ ಬಿಟ್ಟಿದ್ದೇನೆ, ನಮಗೆ ಹೋಗಲು ಮಾನವೇನೂ ಬಾಕಿ ಇಲ್ಲ. ಕಾಶವ್ವ ವಿಜಯಪುರದ ಕಡೆಯವರು. ಮಗಳು ಸುವರ್ಣಾ ವಿಮಾನಗಳಿಗೆ ಊಟ ಕಟ್ಟಿಕೊಡುವ ಅಡುಗೆಮನೆಯಲ್ಲಿ ಪಾಳಿಯ ಕೆಲಸ ಮಾಡುವವಳು, ಗಂಡ ಬಿಟ್ಟುಹೋಗಿದ್ದಾನೆ, ಹೀಗಾಗಿ ಮೊಮ್ಮಗಳು ಕೃತಿಯನ್ನು ಹುಟ್ಟಿದಂದಿನಿಂದ ಫೆಲ್ಥಮ್ಮಿನ ಪುಟ್ಟ ಫ್ಲ್ಯಾಟಿನಲ್ಲಿ ಎತ್ತಿ ಆಡಿಸಿ ಬೆಳೆಸಿದವರು ಕಾಶವ್ವನೇ. ಕೃತಿಗೆ ಈಗ ನಾಲ್ಕು ವರ್ಷ. ಕಾಶವ್ವ ತಮ್ಮನ ಮಗಳ ಮದುವೆಗೆಂದು ಊರಿಗೆ ಹೋಗಿದ್ದಾಗಲೇ ಸುವರ್ಣಾಳ ಬೆನ್ನಿಗೆ ತುರ್ತಾಗಿ ಆಪರೇಷನ್ ಆಗಬೇಕಾಯಿತು, ಅವಳು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಬೇಕಾಗಿ ಬಂತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮಗುವನ್ನು ಕೌನ್ಸಿಲಿನವರು ಲಂಡನ್ನಿನ ಆ ತುದಿಯ ಇಲ್ಫರ್ಡಿನಲ್ಲಿ, ಇಂಥ ಮಕ್ಕಳನ್ನು ಸ್ವಲ್ಪ ಕಾಲ ಇಟ್ಟುಕೊಂಡು ಸಾಕುವ ಒಂದು ಮನೆಗೆ ಸೇರಿಸಿದರು. ಅದರಲ್ಲಿ ತಪ್ಪೇನೂ ಇಲ್ಲ, ಆ ಮನೆಯವರೂ ಒಳ್ಳೆಯವರೇ. ಸುದ್ದಿ ತಿಳಿದ ಕಾಶವ್ವ ಮದುವೆಯ ಅಕ್ಷತೆ ಇನ್ನೂ ಕೂದಲಲ್ಲಿರುವಾಗಲೇ ವಿಮಾನ ಹತ್ತಿ ಬಂದರು. ಬಂದವರೇ, ನಮ್ಮ ಕೂಸನ್ನು ಕೊಡಿ ಎಂದರು. ಮಗುವನ್ನು ಒಳಗೆ ಕರೆದುಕೊಳ್ಳುವುದಕ್ಕೆ ಒಂದು ಫೋನು ಸಾಕಾಗಿತ್ತು. ಹೊರಗೆ ಬಿಡುವುದಕ್ಕೆ ಮಾತ್ರ ಭೇಟಿಗಳಾಗಬೇಕು, ಭೇಟಿಗಳ ವರದಿಯಾಗಬೇಕು, ವರದಿಯ ಮೇಲೆ ವಿಚಾರಣೆಯಾಗಬೇಕು ಎಂದು ತಿಳಿಸಲಾಯಿತು.

ವಾರಕ್ಕೊಮ್ಮೆ ಒಂದು ಭೇಟಿ ಕೇಂದ್ರದಲ್ಲಿ, ಕೌನ್ಸಿಲಿನವರೊಬ್ಬರ ಕಣ್ಣೆದುರು, ಅಜ್ಜಿಯನ್ನೂ ಮೊಮ್ಮಗಳನ್ನೂ ಕೂರಿಸಿದರು. ಇದೆಲ್ಲ ನನಗೆ ಆಮೇಲೆ ಕಾಶವ್ವ ಹೇಳಿ ತಿಳಿದದ್ದು. ಅಲ್ಲಿಯೂ ತಾವಿದ್ದಿರಿ. ಫೋನಿನ ಆ ತುದಿಯಲ್ಲಿ ಶಿಶಿರ್ ಎಂಬ ಅನುವಾದಕರೂ ಇದ್ದರು. ಬೆಂಗಳೂರಿನ ಕಡೆಯ ದನಿ, ಬಹಳ ಶಿಸ್ತಿನ ಹುಡುಗ. ಆಡಿದ್ದನ್ನು ಆಡಿದ ಹಾಗೆ ಇಂಗ್ಲಿಷಿನಲ್ಲಿ ಹೇಳಬೇಕು, ತನ್ನದೊಂದು ಮಾತನ್ನೂ ಸೇರಿಸಬಾರದು ಎಂದು ಅವರ ಏಜೆನ್ಸಿಯ ಕಟ್ಟಪ್ಪಣೆ. ಕಾಶವ್ವ ಸ್ಟೀಲ್ ಡಬ್ಬಿಯಲ್ಲಿ ಗೋಧಿ ಬೆಲ್ಲದ ಮಾದಲಿ ಮಾಡಿಕೊಂಡು ತಂದಿದ್ದರು. ಹೊರಗಿನ ತಿಂಡಿ ಒಳಗೆ ಬಿಡುವ ಹಾಗಿಲ್ಲವೆಂದು ಡಬ್ಬಿ ಬಾಗಿಲ ಬಳಿಯ ಮೇಜಿನ ಮೇಲೆಯೇ ಉಳಿಯಿತು. ಮಗು ಓಡಿಬಂದು ತೊಡೆಯೇರಿತು. ಜೊತೆಗಿದ್ದ ಅಧಿಕಾರಿ ಖುಷಿಯಾಗಿ, ನೋಡಿ, ಎಷ್ಟು ಚೆನ್ನಾಗಿ ಮೈತುಂಬಿಕೊಂಡಿದ್ದಾಳೆ, ಗೊಂಬೆಯಂತಿದ್ದಾಳೆ ಎಂದರು. ಕಾಶವ್ವ ಹೌಹಾರಿ, ಮಗುವನ್ನು ಸೆರಗಿನೊಳಗೆ ಸೇರಿಸಿಕೊಂಡು, 'ಎಲ್ಲಿ ಮೈ ತುಂಬೇತ್ರಿ? ಒಣಗಿ ಕಟಗಿ ಆಗೇತಿ. ಮಾರಿ ನೋಡ್ರಿ, ಕಾಗಿ ಆಗೇತಿ ಕಾಗಿ' ಎಂದರು. ಶಿಶಿರ್ ಅದನ್ನು ಶುದ್ಧ ಇಂಗ್ಲಿಷಿಗೆ ತಂದರು. ತಾವು ಬರೆದುಕೊಂಡಿರಿ: 'ಅಜ್ಜಿ ಮಗುವಿನ ರೂಪವನ್ನು ಹೀಯಾಳಿಸಿದರು.  ಕಾಗೆಗೆ ಹೋಲಿಸಿದರು. ಮಗುವಿಗೆ ಏನೂ ತಿನ್ನಿಸಲಿಲ್ಲ. ಹಳದಿ.' ಒಂದಕ್ಷರವೂ ಸುಳ್ಳಲ್ಲ.

ತಮ್ಮ ಅಪಾರ ಜ್ಞಾನಭಂಡಾರದಲ್ಲಿ ಇಲ್ಲದ ಸಂಗತಿಯೊಂದನ್ನು ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಬೇಕು. ನಮ್ಮ ಕಡೆ ಹೆತ್ತ ಕೂಸನ್ನು, ಸಾಕಿದ ಕೂಸನ್ನು ಪರರೆದುರು ಹೊಗಳುವುದಿಲ್ಲ. ಹೊಗಳಿದರೆ ನೆದರಾಗುತ್ತದೆ, ದೃಷ್ಟಿ ತಾಕುತ್ತದೆ. ಬೇರೆಯವರು ಹೊಗಳಿದರಂತೂ ಕೂಡಲೇ ಅಡ್ಡಬಾಯಿ ಹಾಕಿ, ಮಗು ಎಷ್ಟು ದುಂಡಗಿದೆಯೋ ಅಷ್ಟು ಒಣಗಿದೆಯೆಂದು, ಎಷ್ಟು ಲಕ್ಷಣವಾಗಿದೆಯೋ ಅಷ್ಟು ಅವಲಕ್ಷಣವೆಂದು ಬೈದು ಆ ಹೊಗಳಿಕೆಯನ್ನು ಇಳಿಸಬೇಕು; ಇಳಿಸದೆ ಸುಮ್ಮನಿದ್ದವಳು ಅಜ್ಜಿಯೇ ಅಲ್ಲ. ನಮ್ಮವ್ವ ನನ್ನನ್ನು ಕರೆಯುತ್ತಿದ್ದದ್ದೇ 'ಹಾಳಾದ್ದು' ಎಂದು. ನನಗೆ ಟೈಫಾಯ್ಡ್ ಆದಾಗ ಒಮ್ಮೆ ಮಾತ್ರ ಹತ್ತಿರ ಕೂತು 'ಕೃಷ್ಣವೇಣಿ' ಎಂದು ಮೆಲ್ಲಗೆ ಪೂರ್ತಿ ಹೆಸರು ಹಿಡಿದು ಕರೆದಳು. ಅದನ್ನು ಕೇಳಿಯೇ ನಾನಿನ್ನು ಉಳಿಯುವುದಿಲ್ಲವೆಂದು ತೀರ್ಮಾನಿಸಿಬಿಟ್ಟಿದ್ದೆ. ಇಂಥ ಮನೆಗಳಲ್ಲಿ ಬೆಳೆದವರು ನಾವು.

ವಿಚಾರಣೆಯ ದಿನ ಕಾಶವ್ವ ಇಳಕಲ್ ಸೀರೆ ಉಟ್ಟು, ಅದರ ಮೇಲೆ ಮಗಳ ಕೋಟು ತೊಟ್ಟು ಬಂದಿದ್ದರು. ಮೇಜಿನ ಆಚೆ ಅಧ್ಯಕ್ಷರು, ಈಚೆ ಕೃತಿಯ ಹೊಣೆ ಹೊತ್ತ ಸಮಾಜ ಕಾರ್ಯಕರ್ತೆ ಅಬೆನಾ, ಫೋನಿನೊಳಗೆ ಶಿಶಿರ್, ನಡುವೆ ತಾವು, ಮೂಲೆಯಲ್ಲಿ ಪಾಸ್‌ಪೋರ್ಟ್ ಮುಖದ ನಾನು. ಅಧ್ಯಕ್ಷರು ದಯಾಳು ಹೆಂಗಸು. ಹೆದರಿದ ಅಜ್ಜಿಗೆ ಧೈರ್ಯ ಬರಲೆಂದು ಮೊದಲು ಒಳ್ಳೆಯ ಸುದ್ದಿಯಿಂದಲೇ ಶುರುಮಾಡಿ, ಕೃತಿಯ ತೂಕ ಹೆಚ್ಚಿದೆ, ಬಣ್ಣ ತಿರುಗಿದೆ, ಹಾಡು ಕಲಿತಿದ್ದಾಳೆ, ಇಷ್ಟು ಮುದ್ದಾದ ಮಗುವನ್ನು ತಾವು ಕಂಡೇ ಇಲ್ಲವೆಂದು ಎಲ್ಲರೂ ಹೇಳುತ್ತಾರೆ ಎಂದು ಒಂದೊಂದಾಗಿ ಓದಿದರು. ಅದು ಒಂದೊಂದಾಗಿ ಕನ್ನಡಕ್ಕೆ ಬರುತ್ತಿದ್ದಂತೆ ಕಾಶವ್ವನವರ ಮುಖ ಕಳೆಗುಂದುತ್ತ ಹೋಯಿತು. ಕೂಸಿನ ತೂಕವನ್ನು ಅಂಕಿ ಸಮೇತ, ಗುರುತಿಲ್ಲದ ಮಂದಿಯ ಮುಂದೆ, ಹಾಡಹಗಲಲ್ಲಿ ಓದುವುದೆಂದರೇನು? ಸಾಲದ್ದಕ್ಕೆ ತಮ್ಮ ಹಸಿರು ದೀಪ ಬೇರೆ ಎವೆಯಿಕ್ಕದೆ ನೋಡುತ್ತಿತ್ತು. ಅವರು ಎದ್ದು ನಿಂತೇಬಿಟ್ಟರು: 'ಛೀ ಛೀ, ಎಲ್ಲಿದ್ರಿ! ಏನೂ ಉಣ್ಣಂಗಿಲ್ಲ, ತಿನ್ನಂಗಿಲ್ಲ. ಬರೇ ಎಲುಬು. ಹಠ ಅಂದ್ರ ಹಠ.'

ಅಧ್ಯಕ್ಷರು ಇನ್ನಷ್ಟು ಮೃದುವಾಗಿ, ಕೃತಿಯಲ್ಲಿ ನಿಮಗೆ ಇಷ್ಟವಾಗುವ ಒಂದಾದರೂ ಗುಣ ಹೇಳಬಹುದೇ ಎಂದರು. ಕಾಶವ್ವ ಈ ಹೆಂಗಸಿಗೆ ನನ್ನ ಕೂಸಿನ ಮೇಲೆ ಯಾವ ಹಗೆಯೋ ಎಂಬಂತೆ ನೋಡಿ, 'ಏನ್ ಗುಣರೀ, ಹೆತ್ತವರಿಗೆ ಹೆಗ್ಗಣ ಮುದ್ದು' ಎಂದರು. ಫೋನಿನಲ್ಲಿ ಶಿಶಿರ್ ಗಂಟಲು ಸರಿಮಾಡಿಕೊಂಡು ಹೆಗ್ಗಣವನ್ನು ಇಂಗ್ಲಿಷಿಗೆ ದಾಟಿಸಿದರು. ಅಧ್ಯಕ್ಷರು ಕಡೆಯ ಪ್ರಯತ್ನವೆಂಬಂತೆ, ಮಗು ನಿಮ್ಮ ಜೊತೆ ಇರಬೇಕೆಂದು ನಿಮಗೆ ಆಸೆಯಿದೆಯೇ ಎಂದು ಕೇಳಿದರು. ಇಂಥ ಆಸೆಯನ್ನು ಬಾಯಿಬಿಟ್ಟು ಹೇಳಿ ಕಳೆದುಕೊಳ್ಳುವಷ್ಟು ದಡ್ಡರು ನಮ್ಮಲ್ಲಿ ಯಾರೂ ಇಲ್ಲ. 'ಬ್ಯಾಡಂದ್ರ ಬಿಡ್ತೈತೇನ್ರಿ? ಗಂಟ ಬಿದ್ದೈತಿ, ಇಟ್ಕೋಬೇಕ್ರಿ' ಎಂದು ಕಾಶವ್ವ ಸೆರಗು ಸರಿಮಾಡಿಕೊಂಡರು. ತಮ್ಮ ಸಾರಾಂಶ ಪರದೆಯ ಮೇಲೆ ಮೂಡಿತು: 'ಮಗು ದಂಶಕಕ್ಕೆ ಸಮಾನವೆಂದು ಅಜ್ಜಿಯ ಭಾವನೆ. ಮಗು ಹೊರೆ. ಆಪ್ತತೆಯ ಲಕ್ಷಣಗಳಿಲ್ಲ. ಕೆಂಪು.'

ನನ್ನ ಮುಖ ಆಗಲೂ ಪಾಸ್‌ಪೋರ್ಟಿನಂತೆಯೇ ಇತ್ತೆಂಬುದನ್ನು ತಾವು ದಯವಿಟ್ಟು ದಾಖಲಿಸಬೇಕು. ಕಾಲ್ಬೆರಳುಗಳ ಬಗ್ಗೆ ನಿಯಮಾವಳಿಯಲ್ಲಿ ಏನೂ ಇರಲಿಲ್ಲವಾದ್ದರಿಂದ ಬೂಟಿನೊಳಗೆ ಅವುಗಳನ್ನು ಬಿಗಿಹಿಡಿದು ಕೂತಿದ್ದೆ. ಹೇಳಬೇಕಾದ್ದು ಏನಾದರೂ ಇದ್ದರೆ ವಿಚಾರಣೆ ಮುಗಿದ ಮೇಲೆ ನಾನು ನಮ್ಮ ಸಲಹಾ ಸಮಿತಿಗೆ ತಿಳಿಸಬಹುದಿತ್ತು, ಸಮಿತಿ ಬೇಸಿಗೆಯಲ್ಲಿ ಸೇರಿ ಪರಿಶೀಲಿಸುತ್ತಿತ್ತು, ಟಿಶ್ಯೂ ಡಬ್ಬಿಗೆ ಸಿಕ್ಕ ನ್ಯಾಯ ಕಾಶವ್ವನವರಿಗೂ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತಿತ್ತು. ಅಷ್ಟರಲ್ಲಿ ಅಧ್ಯಕ್ಷರು ನಿಜವಾಗಿಯೂ ನೊಂದುಕೊಂಡು, ಮುಂದಿನ ಪರಿಶೀಲನೆಯವರೆಗೆ ಮಗು ಇಲ್ಫರ್ಡಿನಲ್ಲಿಯೇ ಇರಲಿ, ಭೇಟಿಗಳನ್ನೂ ಕಡಿಮೆ ಮಾಡೋಣ ಎಂದರು. ಶಿಶಿರ್ ಅದನ್ನು ಬಹಳ ಸಣ್ಣ ದನಿಯಲ್ಲಿ ಕನ್ನಡದಲ್ಲಿ ಹೇಳಿದರು. ಕಾಶವ್ವ ಮೇಜಿನ ಅಂಚು ಹಿಡಿದುಕೊಂಡರು. ಅಧ್ಯಕ್ಷರನ್ನು ನೋಡಿದರು, ಅಬೆನಾಳನ್ನು ನೋಡಿದರು, ಕಡೆಗೆ ಕೊಠಡಿಯಲ್ಲಿದ್ದ ಒಂದೇ ಒಂದು ನಮ್ಮ ಕಡೆಯ ಮುಖವಾದ ನನ್ನತ್ತ ತಿರುಗಿ, 'ನಾ ಏನ್ ತಪ್ಪ ಅಂದ್ನಿ ಯವ್ವಾ? ಕೂಸನ್ನ ಕೊಡೂದಿಲ್ಲೇನು?' ಎಂದರು.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಾನು ಬಂಗಾರವನ್ನು ಅಲ್ಲಿಯೇ ಬಿಸಾಕಿ ಎದ್ದುನಿಂತೆ. ಕಣ್ಣಲ್ಲಿ ನೀರು ಬಂದಿತ್ತು, ಹುಬ್ಬು ಎಲ್ಲಿದ್ದವೋ ನನಗೇ ಗೊತ್ತಿಲ್ಲ. ಅಧ್ಯಕ್ಷರೇ, ಮಗು ಹೇಗಿದೆ ಎಂದು ಇವರನ್ನು ಕೇಳಬೇಡಿ, ಆ ಪ್ರಶ್ನೆಗೆ ನಮ್ಮೂರಿನ ಯಾವ ಅಜ್ಜಿಯೂ ನಿಜ ಹೇಳುವುದಿಲ್ಲ, ಹೇಳಿದರೆ ಮಗುವಿಗೆ ಕೇಡೆಂದು ನಂಬಿದ್ದಾರೆ. ಮಗುವಿಗೆ ಏನು ಮಾಡುತ್ತಿದ್ದಿರಿ ಎಂದು ಕೇಳಿ ಎಂದೆ. ಕೂತುಕೊಳ್ಳಿ ಎಂದು ಅಧ್ಯಕ್ಷರು ಗದರಿದರು, ಕೂತೆ. ಅವರು ತಮ್ಮ ಪರದೆಯನ್ನು ಒಮ್ಮೆ, ಕಾಶವ್ವನವರ ಕೈಗಳನ್ನು ಒಮ್ಮೆ ನೋಡಿದರು. ಆಮೇಲೆ, ಕೃತಿ ಊಟ ಮಾಡದಿದ್ದಾಗ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

ಕಾಶವ್ವ ಕೂತರು. 'ಏನ್ ಮಾಡೂದ್ರಿ, ಬೆನ್ನ ಹತ್ತೂದು' ಎಂದು ಶುರುಮಾಡಿದರು. 'ಹಾಲಾಗ ರೊಟ್ಟಿ ನೆನಿಸಿ, ಬೆಲ್ಲಾ ಹಾಕಿ ಕಿವುಚೂದು. ಊರಾಗಾದ್ರ ಕಾಗಿ ತುತ್ತು, ಗುಬ್ಬಿ ತುತ್ತು ಅಂತಿದ್ವಿ. ಇಲ್ಲೆ ಗುಬ್ಬಿ ಎಲ್ಲಿ ತರ್ಲಿ? ಕಿಡಕ್ಯಾಗ ನಿಂದ್ರಿಸಿ ವಿಮಾನ ತೋರ್ಸೂದು. ಒಂದ್ ವಿಮಾನ ಹೋತು, ಒಂದ್ ತುತ್ತು. ಇನ್ನೊಂದ್ ಹೋತು, ಇನ್ನೊಂದ್ ತುತ್ತು. ಮಂಜು ಬಿದ್ದು ವಿಮಾನ ನಿಂತ ದಿನ ಬಾಳ ತ್ರಾಸರೀ, ಬಾಯಿನ ತಗಿಯೂದಿಲ್ಲ. ಅವತ್ತ ನಾನ ವಿಮಾನ ಆಗಿ ಮನಿ ತುಂಬ ಓಡ್ಯಾಡ್ತೀನಿ, ಮೊಣಕಾಲ ಬ್ಯಾನಿ ಅದಕ್ಕೇನ ಗೊತ್ತು. ಈಗ ಆ ಊರಾಗ ವಿಮಾನ ಕಾಣ್ತಾವೋ ಇಲ್ಲೋ, ಏನ್ ತೋರ್ಸಿ ಉಣಸ್ತಾರೋ ಏನೋ.' ಶಿಶಿರ್ ವಿಮಾನಗಳವರೆಗೆ ಸರಿಯಾಗಿಯೇ ಅನುವಾದಿಸಿಕೊಂಡು ಬಂದರು. ಮೊಣಕಾಲಿಗೆ ಬರುವಷ್ಟರಲ್ಲಿ ಅವರ ದನಿ ಒದ್ದೆಯಾಗಿತ್ತು. ಅಬೆನಾ ಟಿಶ್ಯೂ ಡಬ್ಬಿಗಾಗಿ ಮೇಜಿನ ಮೇಲೆ ಕೈಯಾಡಿಸಿದಳು.

ಅಧ್ಯಕ್ಷರು ತೀರ್ಮಾನ ಬದಲಾಯಿಸಿದರು. ಪ್ರಯೋಗಾರ್ಥವಾಗಿ ಕೃತಿ ಅಜ್ಜಿಯ ಜೊತೆ ಫೆಲ್ಥಮ್ಮಿನ ಮನೆಗೆ ಹೋಗಲಿ, ಅಬೆನಾ ವಾರವಾರ ಹೋಗಿ ನೋಡಿಬರಲಿ ಎಂದರು. ತಮ್ಮ ಸಾರಾಂಶ ಅಷ್ಟರಲ್ಲಿಯೇ ಸಿದ್ಧವಾಗಿತ್ತು: 'ಮಗುವಿನ ಊಟ ವಿಮಾನ ಸಂಚಾರವನ್ನು ಅವಲಂಬಿಸಿದೆ. ಪರ್ಯಾಯ ವ್ಯವಸ್ಥೆ: ಅಜ್ಜಿ. ಹಳದಿ.' ಕೆಂಪು ಹಳದಿಗೆ ಇಳಿದದ್ದಕ್ಕೆ ನಾನು ತಮಗೆ ಮನಸ್ಸಿನಲ್ಲಿಯೇ ಕೈಮುಗಿದೆ.

ಮರುವಾರ ನನ್ನ ಬಿಲ್ಲೆ ಹೋಯಿತು. ನಿಷ್ಪಕ್ಷಪಾತವಾದ ಮುಖವನ್ನು ಕಾಪಾಡಿಕೊಳ್ಳುವಲ್ಲಿ ವಿಫಲಳಾಗಿದ್ದೇನೆಂದು ವಿಷಾದಪೂರ್ವಕವಾಗಿ ತಿಳಿಸಿದರು. ರುದ್ರೇಶರು 'ನಾ ಹೇಳಿದ್ದಿಲ್ಲ?' ಎಂದು ಮಾತ್ರ ಅಂದು, ತಾವೇ ಚಹಾ ಮಾಡಿಕೊಟ್ಟರು. ಬಿಲ್ಲೆ ಹೋದದ್ದರಿಂದ ಒಂದು ಲಾಭವೂ ಆಯಿತು: ವೀಕ್ಷಕಿಯಾಗಿದ್ದಷ್ಟು ದಿನ ಆ ಮನೆಯವರನ್ನು ಮಾತಾಡಿಸುವಂತಿರಲಿಲ್ಲ, ಈಗ ಹೋಗಿಬರುತ್ತೇನೆ. ಕೃತಿ ಹೇಗಿದ್ದಾಳೆಂದು ಕೇಳುತ್ತೀರಾ? ಏನೂ ಚೆನ್ನಾಗಿಲ್ಲ ಬಿಡಿ. ಒಣಕಲು, ಕಾಗೆಮರಿ, ನೋಡುವ ಹಾಗಿಲ್ಲ. ಅವಳನ್ನೊಮ್ಮೆ ಎತ್ತಿಕೊಂಡದ್ದಕ್ಕೆ ನನ್ನ ಸೊಂಟ ಇನ್ನೂ ನೋಯುತ್ತಿದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆದು ತಮ್ಮ ಅಮೂಲ್ಯ ಸಮಯ ಹಾಳುಮಾಡುತ್ತಿರಲಿಲ್ಲ. ಹೋದ ವಾರ ಅಬೆನಾ ಕಾಶವ್ವನವರ ಮನೆಗೆ ಬಂದಳು, ಫೋನಿನೊಳಗೆ ತಮ್ಮನ್ನೂ ಕರೆತಂದಳು. ಅವಳು ಜಾಣೆ, ಅಂದಿನ ವಿಚಾರಣೆಯಿಂದ ಪಾಠ ಕಲಿತಿದ್ದಳು. ಬಾಗಿಲು ತೆರೆದು ಓಡಿಬಂದ ಕೃತಿಯನ್ನು ನೋಡಿ, ಕಾಶವ್ವನವರಿಗೆ ಕಣ್ಣು ಮಿಟುಕಿಸಿ, ಅಯ್ಯಯ್ಯೋ, ಏನಿದು, ಒಣಗಿ ಕಡ್ಡಿಯಾಗಿದ್ದಾಳೆ, ಥೇಟ್ ಕಾಗೆ ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಇಂಗ್ಲಿಷಿನ ಕಾಗೆ ಅಷ್ಟರಲ್ಲಿ ಕಾಶವ್ವನವರಿಗೂ ಪರಿಚಯವಾಗಿತ್ತು. ಈ ದೇಶದ ಅಧಿಕಾರಿಯೊಬ್ಬರ ಬಾಯಿಂದ ಇಂಥ ಒಳ್ಳೆಯ ಮಾತನ್ನು ಅವರು ಕೇಳಿರಲೇ ಇಲ್ಲ. ಹಿಗ್ಗಿ ಹೀರೇಕಾಯಾಗಿ ಅವಳನ್ನು ಕೂರಿಸಿ ರೊಟ್ಟಿ ಎಣಗಾಯಿ ಬಡಿಸಿದರು. ತಾವು ಬರೆದುಕೊಂಡಿರಿ: 'ಮಗು ತೀವ್ರವಾಗಿ ಕೃಶವಾಗಿದೆಯೆಂದು ಸಮಾಜ ಕಾರ್ಯಕರ್ತೆ ಉದ್ಗರಿಸಿದರು. ಅಜ್ಜಿ ಸಂತೋಷಪಟ್ಟರು. ಕೆಂಪು.' ನಡುವೆ ಹಳದಿಯಿದ್ದರೂ ಒಂದೇ ಕಡತದಲ್ಲಿ ಎರಡನೆಯ ಕೆಂಪು ಬಿದ್ದರೆ ತುರ್ತು ವಿಚಾರಣೆ ತಾನಾಗಿಯೇ ನಿಗದಿಯಾಗುತ್ತದಂತೆ. ಬರುವ ಗುರುವಾರಕ್ಕೆ ನಿಗದಿಯಾಗಿದೆ. ಅದು ತಮಾಷೆಯ ಮಾತೆಂದು ಅಬೆನಾ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಾಳೆ. ಅದು ತಮಾಷೆಯೋ ಅಲ್ಲವೋ ಎಂಬುದನ್ನೂ ಗುರುವಾರವೇ ವಿಚಾರಿಸಬೇಕೆಂದು, ಅಲ್ಲಿಯವರೆಗೆ ಇಲ್ಫರ್ಡಿನ ಮನೆಯಲ್ಲಿ ಮಗುವಿನ ಹಾಸಿಗೆಯನ್ನು ಹಾಗೆಯೇ ಇಟ್ಟಿರಬೇಕೆಂದು ಉತ್ತರ ಬಂದಿದೆ. ಕಾಶವ್ವ ಈಗ ಮಗುವನ್ನು ಕಿಟಕಿಯ ಹತ್ತಿರ ನಿಲ್ಲಿಸುವುದಕ್ಕೂ ಹೆದರುತ್ತಾರೆ. ಬಾಗಿಲ ಬೆಲ್ಲು ಬಾರಿಸಿದರೆ ಕೂಸನ್ನು ಎತ್ತಿಕೊಂಡು ಬಚ್ಚಲುಮನೆಗೆ ಹೋಗಿ ನಿಲ್ಲುತ್ತಾರೆ. ಅದನ್ನು ನೋಡಿ ಬಂದ ದಿನ ನನಗೆ ಅನ್ನ ಸೇರಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳು. ತಮಗೆ ಬಿಡುವಾದಾಗ, ಒಂದು ವರ್ಷದ ಮಟ್ಟಿಗಾದರೂ, ವಿಜಯಪುರದ ಕಡೆಯ ಯಾವುದಾದರೂ ಅಜ್ಜಿಯ ಮಗ್ಗುಲಲ್ಲಿ ಮಲಗಿ ಎದ್ದು, ಬೆಳಗಾದರೆ ಆಕೆಯಿಂದ ಬೈಸಿಕೊಂಡು, ಆಕೆ ಬೈದಷ್ಟೂ ದುಂಡಗಾಗಿ ವಾಪಸು ಬರಬೇಕು. ಅದು ಸಾಧ್ಯವಾಗದಿದ್ದರೆ, ಕಣ್ಣು ಮಿಟುಕಿಸಿದ ಸದ್ದನ್ನು ಕೇಳಿಸಿಕೊಳ್ಳಲು ಕಲಿಯಬೇಕು. ಸೆರಗಿನೊಳಗೆ ಮಗುವನ್ನು ಬಿಗಿಹಿಡಿದುಕೊಂಡದ್ದಕ್ಕೆ ಒಂದು ಬಣ್ಣ ಕಂಡುಹಿಡಿಯಬೇಕು. ಈಗಿರುವ ಮೂರರಲ್ಲಿ ಅದು ಬರುವುದಿಲ್ಲ. ಬಾಗಿಲ ಬಳಿಯೇ ಉಳಿದ ಸ್ಟೀಲ್ ಡಬ್ಬಿಯೊಳಗಿನ ಮಾದಲಿಯ ವಾಸನೆಯನ್ನು ಸಾರಾಂಶದಲ್ಲಿ ಸೇರಿಸಬೇಕು. ಇವೆಲ್ಲ ತಮ್ಮ ಘನತೆಗೆ ಕುಂದೆನಿಸಿದರೆ ಒಂದೇ ಒಂದನ್ನು ನಡೆಸಿಕೊಡಿ: ಗುರುವಾರ ಕಾಶವ್ವ ಮತ್ತೆ ಮೊಮ್ಮಗಳನ್ನು ಕಾಗೆಯೆನ್ನುತ್ತಾರೆ, ನಾನು ಎಷ್ಟು ಹೇಳಿಕೊಟ್ಟರೂ ಅಂದೇ ಅನ್ನುತ್ತಾರೆ, ಏಕೆಂದರೆ ಅವಳನ್ನು ಉಳಿಸಿಕೊಳ್ಳಲು ಅವರಿಗೆ ಗೊತ್ತಿರುವ ದಾರಿ ಅದೊಂದೇ. ಅವರು ಕಾಗೆಯೆಂದಾಗ ತಾವು ಚಂದಮಾಮ ಎಂದು ಬರೆದುಕೊಳ್ಳಬೇಕು.

ಇದನ್ನು ನಡೆಸಿಕೊಡುವುದು ತಮ್ಮಂಥವರಿಗೆ ಕಷ್ಟವಲ್ಲ. ಮನುಷ್ಯರು ಗಾಬರಿಯಲ್ಲಿ ಏನೇನೋ ಬರೆಯುತ್ತಾರೆ, ತಾವು ಮಾತ್ರ ಎಂದೂ ತಪ್ಪಿದವರಲ್ಲ. ಕಿವಿಯೆಂದರೆ ತಮ್ಮ ಕಿವಿ, ನೆನಪೆಂದರೆ ತಮ್ಮ ನೆನಪು, ಬಿಳುಪೆಂದರೆ ತಮ್ಮ ಬಿಳುಪು. ಲಂಡನ್ನಿನಲ್ಲಿ ತಮ್ಮಷ್ಟು ಅಂದವಾದ, ಆರೋಗ್ಯವಾದ, ದಷ್ಟಪುಷ್ಟವಾದ ಯಂತ್ರ ಇನ್ನೊಂದಿಲ್ಲ. ಒಂದು ದಿನವೂ ಕೆಟ್ಟುನಿಂತಿಲ್ಲವಂತೆ. ಕೇಳಿ ಬಹಳ ಸಂತೋಷವಾಯಿತು.

ಮೂಲೆಯ ಕುರ್ಚಿಯಿಂದ ಎಬ್ಬಿಸಲ್ಪಟ್ಟರೂ ತಮ್ಮ ಗುಣಗಾನ ನಿಲ್ಲಿಸದ,
ತಮ್ಮ ವಿಶ್ವಾಸಿ,
ಕೃಷ್ಣವೇಣಿ ರುದ್ರೇಶ
ಫೆಲ್ಥಮ್

ತಾ.ಕ.: ಪತ್ರವನ್ನು ಕಾಶವ್ವನವರಿಗೆ ಓದಿ ಹೇಳಿದೆ. ಅವರು ಗಾಬರಿಯಾಗಿ, 'ಅಯ್ಯ ತಂಗಿ, ಅದನ್ನ ಯಾಕ ಇಷ್ಟ್ ಹೊಗಳೀದಿ? ನಾಕ್ ಮಂದಿ ಓದ್ತಾರ, ಪಾಪ, ಅದಕ್ಕೇನರ ಆದ್ರ?' ಎಂದರು. ಆಗ ನನಗೂ ಹೌದಲ್ಲ ಎನಿಸಿತು. ತಮಗೆ ಕರಿಬೊಟ್ಟು ಇಡುವವರಾಗಲಿ, ಉಪ್ಪು ಮೆಣಸಿನಕಾಯಿ ನಿವಾಳಿಸುವವರಾಗಲಿ, ಸಂಜೆಗೊಮ್ಮೆ 'ಹಾಳಾದ್ದು' ಎಂದು ಬೈಯುವ ಅಜ್ಜಿಯಾಗಲಿ ಆ ಕಟ್ಟಡದಲ್ಲಿ ಇದ್ದಂತೆ ಕಾಣಲಿಲ್ಲ. ಗುರುವಾರದೊಳಗೆ ತಮ್ಮ ಹಸಿರು ದೀಪಕ್ಕೆ ಏನಾದರೂ ಆದರೆ ದಯವಿಟ್ಟು ನನ್ನನ್ನು ದೂರಬೇಡಿ. ನಾನು ತಮ್ಮ ಬಗ್ಗೆ ಒಂದೇ ಒಂದು ಕೆಟ್ಟ ಮಾತನ್ನೂ ಆಡಿಲ್ಲ.